ಮೊಮ್ಮಗಳ ಮುಖ ಮತ್ತು ನಾಲ್ಕು ಅಂಕಿಗಳು

ಮೂವತ್ತೈದು ವರ್ಷ ಅಳತೆಗಳ ನಡುವೆಯೇ ಬದುಕಿದ ಟೈಲರನಿಗೆ, ನಿನ್ನೆ ಸಂಜೆ ತಾನೇ ಆರಿಸಿದ ನಾಲ್ಕು ಅಂಕಿಗಳು ಇಂದು ಬೆಳಿಗ್ಗೆ ನೆನಪಿಗೆ ಬರಲಿಲ್ಲ. ಅನಾಹುತಕ್ಕೆ ಇಷ್ಟೇ ಮೂಲ.

ಫೋನು ಹೊಸದು, ಅಳಿಯ ಕಳಿಸಿಕೊಟ್ಟದ್ದು. ಹಳೆಯ ಗುಂಡಿ ಫೋನು ಹನ್ನೊಂದು ವರ್ಷ ದುಡಿದು, ಐದನೆಯ ಗುಂಡಿಯನ್ನು ಎಲ್ಲೋ ಕಳೆದುಕೊಂಡು, ಆದರೂ ಕರೆದಾಗ ಓಗೊಡುವ ಮುದಿ ಎತ್ತಿನಂತಿತ್ತು. ಹೊಸದರ ಜಾತಿಯೇ ಬೇರೆ. ಒದ್ದೆ ಸಾಬೂನಿನಂತೆ ಕೈಯಿಂದ ಜಾರುತ್ತಿತ್ತು. ಮುಟ್ಟಿದರೂ ಬೆಳಗುತ್ತಿತ್ತು, ಮುಟ್ಟದಿದ್ದರೂ ಬೆಳಗುತ್ತಿತ್ತು. ಯಾರೂ ಕೇಳದಿದ್ದರೂ ಹೊರಗಿನ ಬಿಸಿಲೆಷ್ಟೆಂದು ಹೇಳುತ್ತಿತ್ತು. ಬೆರಳಿಟ್ಟರೆ ತೆರೆದುಕೊಳ್ಳುವ ಸೌಕರ್ಯವೂ ಅದಕ್ಕಿತ್ತಂತೆ; ಆದರೆ ಸೂಜಿ ಚುಚ್ಚಿ ಚುಚ್ಚಿ ಟೈಲರನ ಬೆರಳ ತುದಿಗಳಲ್ಲಿ ಗೆರೆಯೆಂಬುದೇ ಉಳಿದಿರಲಿಲ್ಲ. ಫೋನನ್ನು ಸಿದ್ಧಪಡಿಸಿಕೊಟ್ಟ ಪಕ್ಕದ ಔಷಧಿ ಅಂಗಡಿಯಾಕೆ ಏಳು ಸಲ ಪ್ರಯತ್ನಿಸಿ ಸೋತಳು.

"ನಿಮಗೆ ಬೆರಳೇ ಇಲ್ಲ ಅಂತಿದೆ ಇದು. ಹೋಗ್ಲಿ, ನಾಲ್ಕು ಅಂಕಿ ಗುಟ್ಟಾಗಿ ಒತ್ತಿ. ಯಾರಿಗೂ ಹೇಳ್ಬೇಡಿ," ಎಂದು ಸಭ್ಯತೆಯಿಂದ ಮುಖ ತಿರುಗಿಸಿ ನಿಂತಿದ್ದಳು.

ಆ ಹೊತ್ತಿಗೆ ಟೈಲರ್ ಯಾರದೋ ಮೈಯಳತೆ ತೆಗೆಯುತ್ತಿದ್ದ. ನಾಲಿಗೆಯ ಮೇಲಿದ್ದ ಎದೆಯ ಎರಡು ಅಂಕಿ, ಸೊಂಟದ ಎರಡು ಅಂಕಿಗಳನ್ನೇ ಒತ್ತಿಬಿಟ್ಟ. ಮನುಷ್ಯನ ಮೈಮೇಲೆ ಬರೆದಿಟ್ಟ ಸಂಖ್ಯೆ ಎಲ್ಲಿಗೆ ಹೋದೀತು, ಬೇಕಾದಾಗ ಟೇಪು ಹಿಡಿದರಾಯಿತು ಎಂಬುದು ಅವನ ತರ್ಕ. ತರ್ಕವೇನೋ ಚೆನ್ನಾಗಿತ್ತು. ಯಾರ ಮೈ ಎಂಬುದೊಂದು ಮರೆತುಹೋಗಿತ್ತು.

ಬೆಳಿಗ್ಗೆ ಒಂಬತ್ತಕ್ಕೆ ಫೋನು ಹಾಡಿತು. ಹಸಿರು ಗುರುತನ್ನು ಮೇಲಕ್ಕೆ ಎಳೆದರೆ ಮಾತಾಡಬಹುದು ಎಂಬಷ್ಟನ್ನು ಅವನು ಕಲಿತಿದ್ದ.

"ಮಾವ, ಹೆಣ್ಣು ಮಗು!" ರಾತ್ರಿಯೆಲ್ಲ ಕಣ್ಣು ಮುಚ್ಚದ ಅಳಿಯನ ದನಿ ಗರಗಸದಂತಿತ್ತು. "ತಾಯಿ ಮಗು ಇಬ್ರೂ ಆರಾಮ. ಫೋಟೋ ಕಳಿಸಿದೀನಿ, ನೋಡಿ!"

ಟೈಲರ್ ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕುಸಿದು ಕುಳಿತ. ಆಸ್ಪತ್ರೆಯಿದ್ದ ಊರಿಗೆ ರೈಲಿನಲ್ಲಿ ಐದು ಗಂಟೆಯ ದಾರಿ. ಶಾಲೆಯೊಂದರ ಸಮವಸ್ತ್ರದ ಕೆಲಸ ಮುಗಿಯದೆ ಭಾನುವಾರಕ್ಕೆ ಮೊದಲು ಹೊರಡುವಂತಿರಲಿಲ್ಲ. ಮೊದಲ ಮೊಮ್ಮಗಳು ಅಂಗೈಯೊಳಗೇ ಬಂದು ಕುಳಿತಿದ್ದಾಳೆ, ಬಾಗಿಲಿಗೆ ಬೀಗ.

ಅಷ್ಟರಲ್ಲಿ ಹೆಂಡತಿ ಆ ಕಡೆಯ ಫೋನು ಕಸಿದುಕೊಂಡಳು. ಹೆರಿಗೆಗೆಂದು ಹದಿನೈದು ದಿನದಿಂದ ಅವಳು ಮಗಳ ಜೊತೆಗಿದ್ದಳು. "ಆ ಫೋನು ನಿಮ್ಮ ಕೈಲಾಗೋದಲ್ಲ" ಎಂದು ವಾರದಿಂದ ಹೇಳುತ್ತ ಬಂದವಳೂ ಅವಳೇ.

"ರೀ, ನೋಡಿದ್ರಾ?"

"ನೋಡದೆ ಏನು? ನೋಡಿದೆ."

"ಯಾರ ಹಾಗಿದ್ದಾಳೆ?"

ಎದುರಿಗಿದ್ದವರಿಗೆ ಹಿತವಾಗುವುದನ್ನು ಹೇಳುವುದು ಅವನ ಕಸುಬಿನ ಗುಣ. "ಇದೂ ಕೇಳೋ ಮಾತಾ? ನಿನ್ನ ಹಾಗೇ! ಅದೇ ಮೂಗು, ಅದೇ ಬಾಯಿ. ಪಡಿಯಚ್ಚು ಕಣೇ."

"ಹೋಗ್ರೀ..." ಎಂದಳು. ಮದುವೆಯಾದಂದಿನಿಂದ ಅವಳು ಸಾವಿರಾರು ಸಲ ಹೋಗ್ರೀ ಎಂದಿದ್ದರೂ ಇಷ್ಟು ಮೆತ್ತಗೆ ಎಂದಿರಲಿಲ್ಲ.

ಫೋನಿಟ್ಟೊಡನೆ ಟೈಲರ್ ತನಗೆ ತೋಚಿದ ಅಂಕಿಗಳನ್ನೆಲ್ಲ ಒತ್ತತೊಡಗಿದ. ನಾಲ್ಕು ಸಲವೂ ಫೋನು ಮೈ ನಡುಗಿಸಿ ಬೇಡವೆಂದಿತು. ಎದುರಿನ ಕ್ಷೌರದಂಗಡಿಯವನು ಅರ್ಧ ಗಡ್ಡದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಓಡಿಬಂದ.

"ನಿಲ್ಸಿ ಟೈಲರಣ್ಣ! ಹತ್ತು ಸಲ ತಪ್ಪಾದ್ರೆ ಒಳಗಿರೋದೆಲ್ಲ ಅಳಿಸಿ ಹೋಗುತ್ತೆ. ನನ್ನ ಭಾಮೈದನಿಗೆ ಹಾಗೇ ಆಯ್ತು. ಮದುವೆ ಫೋಟೋ ಪೂರ್ತಿ ಹೋಯ್ತು. ಈಗ ಅವನಿಗೆ ಮದುವೆ ಆಗಿದೆ ಅನ್ನೋಕೆ ಅವನ ಹೆಂಡ್ತಿ ಒಬ್ಳೇ ಸಾಕ್ಷಿ."

ಟೈಲರನ ಕೈ ಗಾಳಿಯಲ್ಲೇ ನಿಂತಿತು. ಔಷಧಿ ಅಂಗಡಿಯಾಕೆಯನ್ನು ಕೇಳೋಣವೆಂದರೆ ಅವಳು ಸರಕು ತರಲು ಹೋಗಿದ್ದಳು, ಮಧ್ಯಾಹ್ನದವರೆಗೆ ಅಂಗಡಿಯ ಬಾಗಿಲು ತೆರೆಯುವಂತಿರಲಿಲ್ಲ.

"ಅಳಿಯಂದ್ರಿಗೆ ಹೇಳಿ, ನನ್ನ ಫೋನಿಗೆ ಕಳಿಸ್ಲಿ," ಎಂದ ಕ್ಷೌರದಂಗಡಿಯವನು.

"ಅದೇ ಆಗಲ್ಲ ಮಾರಾಯ. ನೋಡಿದೆ ಅಂದುಬಿಟ್ಟಿದೀನಿ. ಪಡಿಯಚ್ಚು ಅಂತಲೂ ಅಂದಿದೀನಿ."

ಸದ್ದು ಕೇಳಿ ಮಹಡಿಯಿಂದ ನಿವೃತ್ತ ಗಣಿತದ ಮೇಷ್ಟ್ರು ಇಳಿದುಬಂದರು. ಸಮಸ್ಯೆಯನ್ನು ಕೇಳಿ ಕನ್ನಡಕ ಒರೆಸಿಕೊಂಡರು. "ನಾಲ್ಕು ಅಂಕಿ ಅಂದ್ರೆ ಹತ್ತು ಸಾವಿರ ಸಾಧ್ಯತೆ. ದಿನಕ್ಕೆ ನೂರು ನೋಡಿದ್ರೂ ನೂರು ದಿನ ಸಾಕು."

"ಅಷ್ಟರಲ್ಲಿ ಮಗು ಬೋರಲು ಬಿದ್ದಿರುತ್ತೆ ಮೇಷ್ಟ್ರೇ!"

"ನಮಗಿರೋದು ಆರೇ ಅವಕಾಶ," ಎಂದು ಕ್ಷೌರದಂಗಡಿಯವನು ಎಚ್ಚರಿಸಿದ.

ನಿನ್ನೆ ಸಂಜೆ ಟೇಪಿಗೆ ಸಿಕ್ಕವರು ಮೂವರೇ ಎಂಬುದು ಟೈಲರನಿಗೆ ಖಚಿತವಿತ್ತು: ಇದೇ ಕ್ಷೌರದಂಗಡಿಯವನು, ಇದೇ ಮೇಷ್ಟ್ರು, ಮೂಲೆಯ ಬೇಕರಿ ಮಾಲೀಕ. ಅಳತೆಯ ಚೀಟಿಗಳನ್ನು ಬಟ್ಟೆಗೆ ಚುಚ್ಚಿ, ಕತ್ತರಿಸಿದ ಮೇಲೆ ಚಿಂದಿಯ ಜೊತೆ ಎಸೆಯುವುದು ಅವನ ಪದ್ಧತಿ. ಕಸದ ಗಾಡಿ ಬೆಳಿಗ್ಗೆಯೇ ಬಂದು ಹೋಗಿತ್ತು. ಉಳಿದ ದಾರಿ ಒಂದೇ. ಅವನು ಕೊರಳಿನ ಟೇಪನ್ನು ಕೈಗೆ ತೆಗೆದುಕೊಂಡ.

ಮೊದಲು ಕ್ಷೌರದಂಗಡಿಯವನು ತೋಳೆತ್ತಿ ನಿಂತ. ಎದೆ ಮೂವತ್ತೆಂಟು, ಸೊಂಟ ಮೂವತ್ತನಾಲ್ಕು. ಫೋನು ನಡುಗಿತು. "ನಿನ್ನೆ ಸ್ವೆಟರ್ ಹಾಕಿದ್ದೆ ಅಲ್ವಾ?" ಎಂದು ಓಡಿಹೋಗಿ ಸ್ವೆಟರ್ ಹಾಕಿಕೊಂಡು ಬೆವರುತ್ತ ಮರಳಿದ. ಎರಡೆರಡು ಇಂಚು ಏರಿತು. ಫೋನು ಮತ್ತೆ ನಡುಗಿ, ಐದು ನಿಮಿಷ ಯಾರೊಂದಿಗೂ ಮಾತಿಲ್ಲವೆಂದು ಮುನಿಸಿಕೊಂಡಿತು.

ಆ ಐದು ನಿಮಿಷದಲ್ಲೇ ಮಗಳ ಕರೆ.

"ಅಪ್ಪಾ..." ದನಿ ಸೋತಿದ್ದರೂ ಒಳಗೆ ನಗುವಿತ್ತು. "ಅವಳ ಕೂದಲು ನೋಡಿದ್ಯಾ?"

"ನೋಡಿದೆ ಪುಟ್ಟಾ. ಎಷ್ಟು ದಟ್ಟ! ಬಾಚಣಿಗೆ ಮುರೀಬೇಕು!"

ಅವಳು ನಕ್ಕಳು. ಟೈಲರ್ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಮಗಳ ನಗು ನಿಜ, ಮೊಮ್ಮಗಳ ಕೂದಲೂ ಬಹುಶಃ ನಿಜ. ನಡುವೆ ತಾನೊಬ್ಬ ಸುಳ್ಳ.

ಮೇಷ್ಟ್ರ ಸರದಿ ಬಂತು. ಅವರು ಧ್ವಜಸ್ತಂಭದಂತೆ ನೆಟ್ಟಗೆ ನಿಂತು, ಜಗತ್ತಿನ ಗಾಳಿಯನ್ನೆಲ್ಲ ಒಳಗೆಳೆದುಕೊಂಡು ಎದೆಯುಬ್ಬಿಸಿದರು. ಏಳನೆಯ ಪ್ರಯತ್ನ ಹೋಯಿತು.

"ಉಸಿರು ಬಿಡಿ ಮೇಷ್ಟ್ರೇ."

"ನಾನು ಹಿಡ್ದೇ ಇಲ್ಲ!" ಎಂದರು ಮೇಷ್ಟ್ರು; ಹಾಗೆನ್ನುವಾಗ ಅಷ್ಟೂ ಗಾಳಿ ಹೊರಗೆ ಬಂದು ಎದೆ ಮೂವತ್ತನಾಲ್ಕಕ್ಕೆ ಇಳಿಯಿತು. ಎಂಟನೆಯದೂ ಹೋಯಿತು. ಈ ಸಲದ ಮುನಿಸು ಅರ್ಧ ಗಂಟೆಯದು.

ಮತ್ತೆ ಹೆಂಡತಿ. "ರೀ, ಫೋಟೋದಲ್ಲಿ ಒಂಥರಾ ನಗ್ತಾ ಇದ್ದಾಳಲ್ಲ?"

"ನಗ್ತಿದ್ದಾಳೆ! ನನ್ನ ನೋಡಿಯೇ ನಕ್ಕ ಹಾಗಿದೆ."

"ಕಣ್ಣು ಮುಚ್ಚಿದೆ ಅಲ್ವೇನ್ರೀ?"

"ಅದೇ... ಕಣ್ಣು ಮುಚ್ಕೊಂಡೇ, ಮನಸ್ಸಲ್ಲೇ ನನ್ನ ನೋಡಿ."

ಬೇಕರಿ ಮಾಲೀಕ ಗಿರಾಕಿಗಳಿಂದ ಬಿಡಿಸಿಕೊಂಡು ಬಂದಾಗ ಮಧ್ಯಾಹ್ನ ದಾಟಿತ್ತು. ಆತ ಗಂಭೀರ ಗಾತ್ರದ, ಮೃದು ಮನಸ್ಸಿನ ಮನುಷ್ಯ. ಬಾಗಿಲಲ್ಲಿ ನಿಂತರೆ ಒಳಗೆ ಸಂಜೆಯಾಗುತ್ತಿತ್ತು. ಈಗ ಎಲ್ಲರ ಕಣ್ಣೆದುರು ಅಳೆಸಿಕೊಳ್ಳಲು ನಾಚುತ್ತ ತೋಳೆತ್ತಿದ. ಟೈಲರ್ ಮಾತಿಲ್ಲದೆ ಅಳೆದು ಒತ್ತಿದ. ಎದೆ ನಲವತ್ತನಾಲ್ಕು, ಸೊಂಟ ನಲವತ್ತಾರು. ಫೋನು ನಡುಗಿತು. ಒಂಬತ್ತು.

ಉಳಿದದ್ದು ಒಂದೇ ಅವಕಾಶ. ಅದೂ ತಪ್ಪಿದರೆ, ತಾನಿನ್ನೂ ಕಾಣದ ಆ ಪುಟ್ಟ ಮುಖ ಅಳಿಸಿಹೋಗುತ್ತದೆ.

ಇದೇ ಹೊತ್ತಿಗೆ ಔಷಧಿ ಅಂಗಡಿಯಾಕೆ ಸರಕಿನ ಪೆಟ್ಟಿಗೆಗಳೊಂದಿಗೆ ಆಟೋದಿಂದ ಇಳಿದಳು. ಕತೆ ಕೇಳಿ ಸೊಂಟಕ್ಕೆ ಕೈಯಿಟ್ಟಳು.

"ಇದಕ್ಕೆ ಬೆಳಿಗ್ಗೆಯಿಂದ ಇಷ್ಟು ಜನ ಒದ್ದಾಡ್ತಿದೀರಾ? ನಿನ್ನೆ ನಾನು ಫೋನ್ ಹಿಡ್ಕೊಂಡಾಗ ಟೇಪಿನೊಳಗೆ ಇದ್ದೋರು ಬೇಕರಿಯವ್ರೇ. ಇವರ ಬನ್ ತಿಂತಾನೇ ನಾನು ಮುಖ ತಿರುಗಿಸಿದ್ದು."

"ನನ್ನದು ಈಗ್ತಾನೇ ತಪ್ಪಾಯ್ತಲ್ಲಮ್ಮ," ಎಂದ ಬೇಕರಿ ಮಾಲೀಕ.

ಟೈಲರನ ಮುಖದಲ್ಲಿ ಬಣ್ಣ ಬಂದು, ಮರುಕ್ಷಣವೇ ಅಷ್ಟೂ ಇಳಿದುಹೋಯಿತು. ಅಂಕಿಗಳು ನೆನಪಾಗಿದ್ದವು. ಆದರೆ ಅವುಗಳನ್ನು ಒತ್ತಬೇಕಾದದ್ದು ಬೇಕರಿ ಮಾಲೀಕನ ಮುಂದೆ.

"ಸಾಹುಕಾರ್ರೇ, ನೀವು ಸ್ವಲ್ಪ ಹೊರಗೆ ಹೋಗ್ತೀರಾ?"

"ಯಾಕೆ?"

"ಸುಮ್ನೆ. ಗಾಳಿಗೆ."

"ನನ್ನ ಮೈ ಅಳತೆಗೆ ನಾನೇ ಹೊರಗೆ ಹೋಗ್ಬೇಕಾ? ಹೇಳಿ ಟೈಲರಣ್ಣ, ಏನದು?"

ಬೇರೆ ದಾರಿ ಕಾಣದೆ ಟೈಲರ್ ನೆಲ ನೋಡುತ್ತ ಒಪ್ಪಿಕೊಂಡ. "ನಾನು ಚೀಟಿಯಲ್ಲಿ ಬರೆಯೋದು ಒಂದು, ಬಾಯಲ್ಲಿ ಹೇಳೋದು ಒಂದು. ನಿಮ್ಮ ಸೊಂಟಾನ ನಲವತ್ತೆರಡು ಅಂತ ಹೇಳ್ತೀನಿ. ಹನ್ನೆರಡು ವರ್ಷದಿಂದ ಅಷ್ಟೇ ಹೇಳ್ತಿದೀನಿ. ನಿನ್ನೆ ಬಾಯಲ್ಲಿದ್ದ ಅಂಕಿಯನ್ನೇ ಒತ್ತಿರ್ಬೇಕು."

ಬೇಕರಿ ಮಾಲೀಕ ತನ್ನ ಹೊಟ್ಟೆಯನ್ನು ಅಪರಿಚಿತ ನೆಂಟನನ್ನು ನೋಡುವಂತೆ ನೋಡಿಕೊಂಡ. "ಹನ್ನೆರಡು ವರ್ಷ... ನನ್ನ ಮೈ ಹಾಗೇ ಇದೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿದೀನಲ್ಲಪ್ಪಾ!"

"ಹಾಗಾದ್ರೆ ನನ್ನ ಎದೆ?" ಎಂದು ಮೇಷ್ಟ್ರು ತಣ್ಣಗೆ ಕೇಳಿದರು.

"ನಿಮಗೆ ಎರಡು ಇಂಚು ಸೇರಿಸಿ ಹೇಳ್ತೀನಿ ಮೇಷ್ಟ್ರೇ."

ಟೈಲರ್ ಸೂಜಿಗೆ ದಾರ ಪೋಣಿಸುವಷ್ಟು ಎಚ್ಚರದಿಂದ ಒತ್ತಿದ. ನಾಲ್ಕು, ನಾಲ್ಕು, ನಾಲ್ಕು, ಎರಡು.

ಫೋನು ತೆರೆಯಿತು.

ಮನಸ್ತಾಪವೆಲ್ಲ ಮರೆತು ನಾಲ್ಕೂ ತಲೆಗಳು ಅವನ ಹೆಗಲ ಮೇಲೆ ಬಂದವು. ಔಷಧಿ ಅಂಗಡಿಯಾಕೆ ಬೆರಳು ತೋರಿಸಿದಲ್ಲಿ ಅವನು ಒತ್ತಿದ. ಚಿತ್ರ ಪರದೆಯ ತುಂಬ ಅರಳಿತು.

ಆಸ್ಪತ್ರೆಯ ಬೆಂಚು. ಬೆಂಚಿನ ಮೇಲೆ ಅಂಗಾತ ಮಲಗಿ, ಬಾಯಿ ತೆರೆದು, ಕಣ್ಣು ಮುಚ್ಚಿ ಗಾಢ ನಿದ್ರೆಯಲ್ಲಿದ್ದ ಅರವತ್ತೈದರ ಗಂಡಸು. ತಲೆ ತೊಳೆದಿಟ್ಟ ಬಟ್ಟಲಿನಂತೆ ಹೊಳೆಯುತ್ತಿತ್ತು.

"ಹೆಣ್ಣು ಮಗು ಅಂದ್ರಲ್ಲ?" ಎಂದು ಕ್ಷೌರದಂಗಡಿಯವನು ಪಿಸುಗುಟ್ಟಿದ.

"ನಮ್ಮ ಬೀಗರು," ಎಂದ ಟೈಲರ್. "ಅಳಿಯನ ತಂದೆ."

ಫೋನು ಕೈಯಲ್ಲೇ ಹಾಡಿತು. ಹಸಿರನ್ನು ಎಳೆಯುವ ಗಾಬರಿಯಲ್ಲಿ ಹೆಬ್ಬೆರಳು ಇನ್ನಾವುದನ್ನೋ ಮುಟ್ಟಿ, ಹೆಂಡತಿಯ ದನಿ ಅಂಗಡಿಯ ತುಂಬ ಮೊಳಗಿತು.

"ರೀ, ಅಳಿಯಂದ್ರು ಈಗ ನೋಡ್ಕೊಂಡ್ರು. ನಿದ್ದೆಗಣ್ಣಲ್ಲಿ ನಿಮಗೆ ಬೇರೆ ಫೋಟೋ ಕಳಿಸಿಬಿಟ್ಟಿದಾರೆ. ಪಡಿಯಚ್ಚು ನನ್ನ ಹಾಗೇ ಅಂದ್ರಲ್ಲ?"

"ಅದು... ಲೇ, ಕೇಳಿಲ್ಲಿ..."

"ಅದೇ ಮೂಗು, ಅದೇ ಬಾಯಿ?"

ಟೈಲರನ ಮುಂದೆ ಎರಡೇ ದಾರಿಗಳಿದ್ದವು: ಬೀಗರನ್ನು ಹೆಂಡತಿಯ ಪಡಿಯಚ್ಚೆಂದು ಸಾಧಿಸುವುದು, ಇಲ್ಲವೇ ಫೋನು ತೆರೆಯಲು ಬರಲಿಲ್ಲವೆಂದು ಒಪ್ಪಿಕೊಳ್ಳುವುದು. ಅವನು ಕಡಿಮೆ ಅಪಾಯದ್ದನ್ನು ಆರಿಸಿಕೊಂಡ.

"ನಾನು ಫೋಟೋ ನೋಡೇ ಇರ್ಲಿಲ್ಲ ಕಣೇ. ಫೋನ್ ಓಪನ್ ಆಗ್ಲಿಲ್ಲ."

"ಹಾಗನ್ನಿ. ಬೀಗರು ಇಲ್ಲೇ ಪಕ್ಕದಲ್ಲೇ ಕೂತಿದಾರೆ. ಅವರ ಕೂದಲು ದಟ್ಟವಾಗಿದೆ ಅಂತ ಹೇಳೋರು ಸಿಗದೆ ಮೂವತ್ತು ವರ್ಷ ಆಯ್ತಂತೆ, ಬಹಳ ಸಂತೋಷಪಟ್ರು. ನಾನು ಬೆಳಿಗ್ಗೆಯಿಂದ ಕನ್ನಡಿ ಮುಂದೆ ನಿಂತು ಮಗೂನ ಮೂಗಿಗೆ ನನ್ನ ಮೂಗು ಹೋಲಿಸ್ಕೊಂಡು ಮೂರು ಸಲ ನೋಡ್ಕೊಂಡೆ ಕಣ್ರೀ." ದನಿ ಸ್ವಲ್ಪ ಅದುರಿತು; ಮತ್ತೆ ಗಟ್ಟಿಯಾಯಿತು. "ಭಾನುವಾರ ಬಂದು ಕಣ್ಣಾರೆ ನೋಡಿ. ಅಲ್ಲೀವರೆಗೆ ನಿಮಗೆ ಫೋಟೋ ಇಲ್ಲ. ಔಷಧಿ ಅಂಗಡಿ ಅಕ್ಕನಿಗೆ ಕಳಿಸ್ತಿದೀನಿ. ಅಲ್ಲಿ ನಗ್ತಿರೋದು ಅವರೇ ಅಲ್ವಾ? ಅಕ್ಕಾ, ಕೇಳಿಸ್ತಿದೆಯಾ? ಬೀದಿಗೆಲ್ಲ ತೋರಿಸಿ. ಇವರೊಬ್ಬರಿಗೆ ಬೇಡ."

ಔಷಧಿ ಅಂಗಡಿಯಾಕೆಯ ಫೋನು ಟಿಂಗ್ ಎಂದಿತು. ಅವಳು ನೋಡಿದಳು, ಮುಖವೆಲ್ಲ ಮೆತ್ತಗಾಯಿತು. "ಅಯ್ಯೋ, ನನ್ನ ಬಂಗಾರ!" ಎಂದಳು. ಕ್ಷೌರದಂಗಡಿಯವನು ಅಲ್ಲಿಗೆ ಹಾರಿದ. ಮೇಷ್ಟ್ರು ಹೊಸದಾಗಿ ಕನ್ನಡಕ ಒರೆಸಿಕೊಂಡು ಸೇರಿಕೊಂಡರು. ಬೇಕರಿ ಮಾಲೀಕ ಹೋಗಿ ನಿಂತ ಮೇಲೆ ನಡುವೆ ಸಂದಿಯೇ ಉಳಿಯಲಿಲ್ಲ.

"ಏನು ಕೂದಲು ಮಾರಾಯ್ರೇ!"

"ಕೈ ಮುಷ್ಟಿ ನೋಡಿ, ಎಷ್ಟು ಬಿಗಿ."

"ಯಾರ ಹಾಗಿದ್ದಾಳೆ?" ಎಂದು ಟೈಲರ್ ಹಿಂದಿನಿಂದ ಕೇಳಿದ. "ಯಾರಾದ್ರೂ ಹೇಳ್ರೋ."

"ನಿಮಗೆ ಹಿತ ಆಗೋ ಹಾಗೆ ಹೇಳ್ಬೇಕಾ, ಇದ್ದದ್ದು ಇದ್ದ ಹಾಗಾ?" ಎಂದ ಬೇಕರಿ ಮಾಲೀಕ, ತಿರುಗದೆ.

ಟೈಲರ್ ತುದಿಗಾಲಿನಲ್ಲಿ ನಿಂತು ಇಣುಕಿದ, ಬಗ್ಗಿ ನೋಡಿದ, ಕೊನೆಗೆ ಸ್ಟೂಲಿನ ಮೇಲೂ ಹತ್ತಿದ. ಅಲ್ಲಿಂದ ಅವನಿಗೆ ಕಂಡದ್ದು ತಾನೇ ಹೊಲಿದ ಮೂರು ಅಂಗಿಗಳ ಬೆನ್ನು ಮಾತ್ರ. ಅವುಗಳಲ್ಲಿ ಅತಿ ಅಗಲವಾದದ್ದು, ಕಂಕುಳ ಬಳಿ ಹೊಲಿಗೆ ಬಿಡುವುದರಲ್ಲಿತ್ತು.