ಫ್ಲೆಕ್ಸ್ ಮೇಲಿನ ಜನರಲ್ ನಾರಾಯಣಪ್ಪ

ತಮಿಳುನಾಡು ಗಡಿಯ ಉದ್ದನಪಲ್ಲಿ ಕಡೆ ಈಗ ಫ್ಲೆಕ್ಸ್ ಇಲ್ಲದೆ ಬೆಕ್ಕು ಕೂಡ ಮರಿ ಹಾಕೋದಿಲ್ಲ. ನಾರಾಯಣಪ್ಪನ ದಾಯಾದಿ ಶ್ಯಾಮಣ್ಣ ಬೋರ್‌ವೆಲ್‌ನಲ್ಲಿ ನೀರು ಬಿದ್ದಿದ್ದಕ್ಕೇ ಆಳೆತ್ತರದ ಫ್ಲೆಕ್ಸ್ ಕಟ್ಟಿಸಿ, ಗಂಗೆಯನ್ನು ತಾನೇ ಇಳಿಸಿಕೊಂಡು ಬಂದವನ ಹಾಗೆ ಕೈಮುಗಿದು ನಿಂತಿದ್ದ. ಹೀಗಿರುವಾಗ ನಾರಾಯಣಪ್ಪ ಮೊಮ್ಮಗನ ಕಿವಿ ಚುಚ್ಚೋ ಶಾಸ್ತ್ರಕ್ಕೆ ಸುಮ್ಮನಿರುತ್ತಾನೆಯೇ? ಮಗುವನ್ನು ಸೋದರಮಾವ ತೊಡೆ ಮೇಲೆ ಕೂರಿಸಿಕೊಳ್ಳೋದು ಪದ್ಧತಿ. ನಾರಾಯಣಪ್ಪನಿಗೆ ಗಂಡುಮಕ್ಕಳಿಲ್ಲ, ಇರೋದು ಮಗಳು ಭಾಗ್ಯಲಕ್ಷ್ಮಿ ಒಬ್ಬಳೇ. ಹಾಗಾಗಿ ಆ ಭಾಗ್ಯ ತಾತನ ತೊಡೆಗೇ ಎಂದು ಹಿರಿಯರು ತೀರ್ಮಾನಿಸಿದ್ದರು. ಅವತ್ತಿನಿಂದ ಆತ ಬಲತೊಡೆಯನ್ನು ಬೇರೆಯಾಗಿ ಜೋಪಾನ ಮಾಡುತ್ತಿದ್ದ. (ನಡೆಯುವಾಗಲೂ ಎಡಗಾಲನ್ನೇ ಊರುತ್ತಿದ್ದ ಅನ್ನೋದು ಹೆಂಡತಿ ಪಿಳ್ಳಮ್ಮನ ದೂರು.)

ಅಳಿಯ ಕುಮಾರೇಶ ಸೈನ್ಯದಲ್ಲಿ ಸಿಪಾಯಿ. ಇನ್ನೇನು ಬೇಕು? ಕೆಲಮಂಗಲದ ಫ್ಲೆಕ್ಸ್ ಅಂಗಡಿಯಲ್ಲಿ ಕೂತು ನಾರಾಯಣಪ್ಪ ಒಂದೊಂದಾಗಿ ಹೇಳಿ ಹಾಕಿಸಿದ. ಮೇಲೆ ಸೇನೆಯ ಲಾಂಛನ, ಅಡ್ಡಕತ್ತಿ ಸಮೇತ, ಗಾಡಿ ಚಕ್ರದಷ್ಟು ಅಗಲ. ಅದರ ಕೆಳಗೆ ಪದಕಗಳ ಭಾರಕ್ಕೆ ಎದೆಯೇ ಕಾಣದ ಯಾವನೋ ಜನರಲ್‌ನ ಮೈ, ಅದಕ್ಕೆ ನಾರಾಯಣಪ್ಪನ ಮೀಸೆ ತಲೆ. ಪಕ್ಕದಲ್ಲಿ ತಮಿಳಿನಲ್ಲಿ ‘ವರುಗ ವರುಗ’, ಕನ್ನಡದಲ್ಲಿ ‘ಸುಸ್ವಾಗತ’. ಕಿವಿ ಚುಚ್ಚಿಸಿಕೊಳ್ಳೋ ಮಗು ಒಂದು ಮೂಲೆಯಲ್ಲಿ ಟ್ಯಾಂಕಿನ ಹೊಗೆಗೆ ಸಿಕ್ಕಿಕೊಂಡಿತ್ತು.

ಶಾಸ್ತ್ರದ ದಿನ ಬೆಳಿಗ್ಗೆ, ಆಚಾರಿ ಚಿನ್ನದ ತಂತಿ ಉಜ್ಜುತ್ತಿದ್ದಾಗ, ಅಳಿಯನ ಫೋನು ಬಂತು. ಆತ ಶಾಸ್ತ್ರಕ್ಕೆ ಆಹ್ವಾನಿಸಿದ್ದ ತನ್ನ ಸೈನ್ಯದ ಸಾಹೇಬರನ್ನು ಕರೆತರಲು ಹೊಸೂರಿಗೆ ಹೋಗಿದ್ದ. ಯಾರೋ ಕಳಿಸಿದ ಫ್ಲೆಕ್ಸಿನ ಫೋಟೋ ಆಗಷ್ಟೇ ನೋಡಿದ್ದನಂತೆ. 

“ಮಾವ, ಆ ಲಾಂಛನ ಸರ್ಕಾರದ್ದು. ಅಪ್ಪಣೆ ಇಲ್ದೆ ಯಾರೂ ಅಚ್ಚು ಹಾಕ್ಸೋ ಹಂಗಿಲ್ಲ, ನಾನೂ ಹಾಕ್ಸೋ ಹಂಗಿಲ್ಲ. ಯೂನಿಫಾರಂ ಅಂತೂ ಕೇಳ್ಲೇಬ್ಯಾಡಿ. ಸಾಹೇಬ್ರು ನೋಡಿದ್ರೆ ನನ್ ಪ್ರಮೋಷನ್ ಮಣ್ಣಾಯ್ತದೆ. ಎಳನೀರಿಗೆ ನಿಲ್ಸಿದೀವಿ, ಈಗ್ಲೇ ಹೊರಡ್ತೀವಿ.”

ನಾರಾಯಣಪ್ಪ ಫ್ಲೆಕ್ಸಿನ ಹತ್ತಿರ ಓಡಿದ. ಫ್ಲೆಕ್ಸ್ ಇಳಿಸೋಣವೆಂದರೆ ಕಟ್ಟಿದವರು ಕಂಬಕ್ಕೆ ತಂತಿ ಬಿಗಿದು ಹೋಗಿದ್ದರು. ಸೀರೆ ಹೊದಿಸೋಣವೆಂದರೆ ಹಾಳು ಗಾಳಿ. ರೇಷ್ಮೆ ಅಂಗಿ ಬಿಚ್ಚಿ ಎಸೆದು, ಬನಿಯನ್ನಿನಲ್ಲೇ, ಕುಡುಗೋಲು ಹಿಡಿದು ಫ್ಲೆಕ್ಸ್ ಹಿಂದಿನ ಏಣಿ ಹತ್ತಿದ. ಏಣಿ ಹಿಡಿದ ಪಿಳ್ಳಮ್ಮ ಅವನ ಏಳು ತಲೆಮಾರನ್ನು ನೆನೆಯುತ್ತಾ, ಉದುರಿದ ಲಾಂಛನವನ್ನು ಹುಲ್ಲುಮೆದೆಗೆ ತುರುಕಿದಳು. ಆಮೇಲೆ ಯೂನಿಫಾರಂ.  ಕೊನೆಯ ಪದಕ ಬಿದ್ದಿತೋ ಇಲ್ಲವೋ, ಕಾರು ಬಂದು ನಿಂತಿತು.

ಸಾಹೇಬರು ಇಳಿದು ತಲೆಯೆತ್ತಿದರು. ಮೇಲೆ ಅಚ್ಚಿನ ಮೀಸೆ ತಲೆ. ಅದರ ಕೆಳಗೆ, ಕತ್ತರಿಸಿದ ಕಿಂಡಿಯಲ್ಲಿ, ಅಳತೆ ತೆಗೆದು ಹೊಲಿಸಿದ ಹಾಗೆ ಕೂತ ಬನಿಯನ್ನಿನ ಹೊಟ್ಟೆ. ಆ ಹೊಟ್ಟೆ ಉಸಿರಾಡುತ್ತಿತ್ತು. ಹಿಂದೆ ಇರೋದು ಯಾರು ಎಂದು ಸಾಹೇಬರು ಹಿಂದಿಯಲ್ಲಿ ಕೇಳಿದರು.  ಅವರು ಬೆರಳು ತೋರಿಸಿದ್ದು ಕಂಡೇ ಪಿಳ್ಳಮ್ಮನಿಗೆ ಅರ್ಥವಾಯಿತು.

“ಫ್ಲೆಕ್ಸ್ ಕಟ್ಟೋ ಕೂಲಿಯೋನು ಸಾರ್. ಗಾಳಿಗೆ ಹರಿದೋಗಿತ್ತು, ಸರಿ ಮಾಡ್ತಾವ್ನೆ.”

ಅಳಿಯ ಅದನ್ನೇ ಹಿಂದಿಗೆ ತಿರುಗಿಸಿದ. ಚಿತ್ರದಲ್ಲಿರೋರು ಯಾರು ಎಂದರೆ, ನಮ್ಮನೆಯವ್ರು, ತುರ್ತು ಕೆಲಸಕ್ಕೆ ಕೃಷ್ಣಗಿರಿಗೆ ಹೋಗವ್ರೆ ಎಂದಳು. ಸಾಹೇಬರು ತಲೆಯಾಡಿಸಿ ಒಳಗೆ ನಡೆದರು. ಅಳಿಯನ ಪ್ರಮೋಷನ್ ಉಳಿಯಿತು.

ಮುಹೂರ್ತ ಮಾತ್ರ ಕೃಷ್ಣಗಿರಿಗೆ ಹೋದವರಿಗಾಗಿ ಕಾಯಲಿಲ್ಲ. ತೊಡೆ ಯಾರದು ಎಂದು ಆಚಾರಿ ಕೂಗಿದ. ಶ್ಯಾಮಣ್ಣ ಪಂಚೆ ಸರಿಮಾಡಿಕೊಂಡು ಮುಂದೆ ಬಂದು ಕೂತ. ನಾರಾಯಣಪ್ಪ ಕಿಂಡಿಯಲ್ಲಿ ಬಗ್ಗಿ ನೋಡಿದ. ಆದರೆ ಕೂಲಿಯವನು ಕೂಗಿ ಹೇಳೋದಾದರೂ ಏನನ್ನು?

ಆಮೇಲೆ ಪಿಳ್ಳಮ್ಮ ಎಲೆಯಲ್ಲಿ ಒಬ್ಬಟ್ಟು ತಂದು ಏಣಿಯ ಮೇಲಕ್ಕೆ ಚಾಚಿದಳು. ಕೂಲಿಯವನಿಗೂ ಊಟ ಕೊಡಿ ಎಂದು ಸಾಹೇಬರೇ ಹೇಳಿ ಕಳಿಸಿದ್ದರಂತೆ.

“ಮಗು ಬೋ ಅತ್ತಿರ್ಬೇಕು?” ಎಂದ ನಾರಾಯಣಪ್ಪ, ಆಸೆಯಿಂದ.

“ಕಿಮಕ್ ಅನ್ಲಿಲ್ಲ. ಶ್ಯಾಮಣ್ಣನ ತೊಡೆ ಕೂಡಿಬಂತು, ಮುಂದೆ ಹುಟ್ಟೋ ಮಗೀಗೂ ಅವ್ರೇ ಕುಂತ್ಕಳ್ಲಿ ಅಂತ ಹಿರೀಕ್ರು ಈಗ್ಲೇ ಹೇಳ್ಬುಟ್ರು. ನೀವು ಇಳೀಬ್ಯಾಡಿ, ಸಾಹೇಬ್ರು ಇನ್ನೂ ಊಟ ಮಾಡ್ತಾವ್ರೆ.”