ಆಕ್ಸಲ್ ಮೇಲಿನ ಕೆಂಪು ಬಾಣ

ವಾದದಲ್ಲಿ ಗೆಲ್ಲುವುದು ಸುಲಭ. ಗೆದ್ದ ಮೇಲೆ ಸೋತವರ ಪಕ್ಕದಲ್ಲೇ ಕೂತು ಟೀ ಕುಡಿಯುವುದು ಕಷ್ಟ. ಕಾಲೇಜಿನ ಚರ್ಚಾಕೂಟದಲ್ಲಿ ನನಗೆ ಮೊದಲನೆಯದನ್ನು ಮಾತ್ರ ಕಲಿಸಿದರು.

ನಾನು ಆಟಿಕೆ ಕಾರು ಕಟ್ಟುವವನು. ಬೇರೆ ಯಾರಾದರೂ 'ಆಟಿಕೆ' ಎಂದಿದ್ದರೆ ಹತ್ತು ನಿಮಿಷ ಖಂಡಿಸುತ್ತಿದ್ದೆ. ಹಳೇ ಅಮೆರಿಕನ್ ಕಾರಿನ ಮೈ ಕೊಯ್ದು, ದೊಡ್ಡ ಎಂಜಿನ್ ತುರುಕಿ, ಮೂತಿ ನೆಲಕ್ಕೆ ತಗ್ಗಿಸಿ ಓಡಿಸುತ್ತಿದ್ದರಲ್ಲ, ಆ ಹಾಟ್ ರಾಡ್‌ಗಳ ಅಂಗೈಯಗಲದ ಮಾದರಿಗಳು ಇವು. ಕೊಯಮತ್ತೂರಿನಲ್ಲಿ ಈ ಹುಚ್ಚಿನವರು ನಾವು ಆರು ಜನ. ಕಳೆದ ವರ್ಷದವರೆಗೆ ಆರು. ಅಲ್ಲಿನ ಉಕ್ಕಡ ಬಡಾವಣೆಯಲ್ಲಿ ಬೈಕ್ ರಿಪೇರಿ ಮಾಡುವ ಮುರುಗೇಶಣ್ಣ ಐವತ್ತರ ದಶಕದ್ದೆಂದು ಒಂದು ಕಾರು ತಂದಿಟ್ಟರು. ನೋಡಿದರೆ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್! ಆ ಕಾಲದ ಇಂಥ ಕಾರಿಗೆ ಡ್ರಮ್ ಬ್ರೇಕೇ ಇರಬೇಕೆಂದು ಮೂರು ಅಂಶಗಳಲ್ಲಿ, ಉಪಸಂಹಾರ ಸಮೇತ ಸಾಧಿಸಿದೆ. ಎಲ್ಲರೂ ನಕ್ಕರು. ಅಣ್ಣ ಕಾರನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದವರು ಮತ್ತೆ ಬರಲಿಲ್ಲ. ಬಣ್ಣ ಹೊಡೆಯುವ ಕೈ ಇದ್ದದ್ದು ಅವರೊಬ್ಬರಿಗೇ. ಆಮೇಲೆ ನಮ್ಮ ಕಾರುಗಳೆಲ್ಲ ಸುಣ್ಣ ಬಳಿದ ಕಾಂಪೌಂಡಿನಂತೆ ಕಾಣತೊಡಗಿದವು. ಅವರನ್ನು ಕರೆತರಬೇಕು ಎಂದು ನನಗೂ ಅನ್ನಿಸುತ್ತಿತ್ತು. ಆದರೆ ಗೆದ್ದವನು ಹೇಗೆ ಹೋಗಿ ಕರೆಯುವುದು?

ಈ ವರ್ಷ ನಾನು ತರಿಸಿದ ಬಿಡಿಭಾಗಗಳ ಡಬ್ಬಿಯಲ್ಲೂ ಡಿಸ್ಕೇ ಇತ್ತು. ಪಾರು ಮಾಡಿದ್ದು ನಮ್ಮ ಮನೆಯಲ್ಲೇ ಇರುವ ಅತ್ತೆ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಕೆಲಸ ಅವರದು. ಮಕ್ಕಳ ಅಂಗಿಯ ಪ್ರೆಸ್ ಬಟನ್ ನಾಲ್ಕು ತಂದು, "ಇದು ಆಗ್ತದಾ ನೋಡು, ಕಣ್ಣು" ಎಂದರು ಮುದ್ದಿನಿಂದ. ನೋಡಿದರೆ ಅಚ್ಚು ಡ್ರಮ್! ಎರಡನ್ನು ಮುಂದಿನ ಚಕ್ರಗಳಿಗೆ ಕೂರಿಸಿದೆ. ಮುಂದಿನ ಆಕ್ಸಲ್ ತುದಿಗಳೆದ್ದು ನಡು ತಗ್ಗಿರಬೇಕು, ಆಗಲೇ ಕಾರಿನ ಮೂತಿ ಇಳಿಯುವುದು. ಅದನ್ನು ತಾತನ ಮಗ್ಗದ ಹಳೇ ತಂತಿಯಲ್ಲಿ ಬಗ್ಗಿಸಿ ಅಂಟಿಸಿದೆ.

ಬೆಳಗ್ಗೆ ಎದ್ದರೆ ಆಕ್ಸಲ್ ಮೇಲೆ ಪುಟ್ಟ ಕೆಂಪು ಬಾಣದ ಸ್ಟಿಕ್ಕರ್. ಚೆಕಿಂಗ್‌ನಲ್ಲಿ ಬಟ್ಟೆಯ ತಪ್ಪಿನ ಮೇಲೆ ಅಂಟಿಸುತ್ತಾರಲ್ಲ, ಅದೇ.

"ಏನತ್ತೆ ಇದು?"

"ಡ್ಯಾಮೇಜು. ಡಬ್ಬಿ ಮ್ಯಾಲಿನ ಫೋಟೋದಾಗೆ ಗಾಡಿ ತಲೆ ತಗ್ಸೈತೆ. ನಿಂದು ನಿನ್ನಂಗೇ ತಲೆ ಎತ್ತೈತೆ. ಸ್ಯಾಂಪಲ್ಲಿಗೂ ಪೀಸಿಗೂ ಸೇರ್ಲಿಲ್ಲ."

"ಆಧಾರ?"

"ಕಣ್ಣೈತಲ್ಲ ಸಾಮಿ, ನೋಡು."

ನೋಡಿದೆ. ಆಕ್ಸಲನ್ನು ತಲೆಕೆಳಗಾಗಿ ಅಂಟಿಸಿದ್ದೆ. ಪ್ರತಿವಾದಕ್ಕೆಂದು ಬಾಯಿ ತೆರೆದವನು, "ಹಾಗಾದ್ರೆ ರಿಜೆಕ್ಟಾ?" ಎಂದೆ.

"ಐಯೋ, ಬಾಣ ಅಂಟ್ಸಿದ್ರೆ ಆಲ್ಟರ್ ಅಂತ. ಟೈಲರ್ ಕೈಗೆ ವಾಪಸ್ ಕೊಟ್ಟು ಸರಿ ಮಾಡ್ಸಾದು. ಬಾಣ ಇಲ್ದೆ ಎಸೆದ್ರೇನೇ ರಿಜೆಕ್ಟು. ಆ ಮುರುಗೇಶನ ಗಾಡಿಗೆ ನೀ ಏನ್ ಮಾಡಿದ್ದೆ?"

ಆ ಭಾನುವಾರ, ಬಾಣವನ್ನೂ ಕೀಳದೆ, ಕಾರನ್ನೂ ಉಳಿದೆರಡು ಬಟನ್‌ಗಳನ್ನೂ ಹಿಡಿದು ಉಕ್ಕಡಕ್ಕೆ ಹೋದೆ.

"ವಾಂಗ ವಕೀಲ್ ಸಾರ್! ಇವತ್ತು ಯಾರ ಮೇಲೆ ಕೇಸು?" ಎಂದರು ಮುರುಗೇಶಣ್ಣ ಸ್ಪ್ಯಾನರ್ ಕೆಳಗಿಡದೆ.

"ನನ್ನ ಮೇಲೇ ಅಣ್ಣ" ಎಂದು ಕಾರು ಮುಂದಿಟ್ಟೆ. ಆಕ್ಸಲ್ ನೋಡಿ ಅಂಗಡಿ ಅದುರುವಂತೆ ನಕ್ಕರು. ನಕ್ಕು ಮುಗಿಸಿ, ಬ್ಲೇಡಿನ ತುದಿಯಿಂದ ಅಂಟು ಬಿಡಿಸಿ, ತಿರುಗಿಸಿ ಕೂರಿಸಿದರು. ಕಾರು ತಲೆ ತಗ್ಗಿಸಿತು. ನಾನು ಬಟನ್‌ಗಳನ್ನು ಅವರ ಕೈಗಿಟ್ಟೆ.

"ಡ್ರಮ್ಮೇ ಸರಿ ಅಂತ ನನಗೆ ಅವತ್ತೇ ಗೊತ್ತಿತ್ತು ತಂಬಿ. ಡಬ್ಬಿಯಲ್ಲಿ ಬಂದದ್ದೇ ಡಿಸ್ಕು. ನೀನು ಮಾತು ನಿಲ್ಲಿಸಿದ್ರೆ ಹೇಳೋಣ ಅಂತ ಕಾದೆ, ಕಾದೆ..." ಎಂದವರು ಬಾಣವನ್ನು ಕಿತ್ತು ನನ್ನ ಅಂಗಿಯ ಜೇಬಿಗೆ ಅಂಟಿಸಿದರು. "ಇದು ಇಲ್ಲಿರಲಿ. ಮುಂದಿನ ವಾರ ಬಣ್ಣದ ಡಬ್ಬಿ ತರ್ತೀನಿ."

ಹಿಂದಿರುಗುವ ಬಸ್ಸಿನಲ್ಲಿ, ಪಕ್ಕದಲ್ಲಿ ನಿಂತಿದ್ದ ಒಬ್ಬಾಕೆ ಬಾಣವನ್ನೇ ನೋಡುತ್ತಿದ್ದರು. ಬನಿಯನ್ ಕಂಪನಿಯವರೇ ಇರಬೇಕು, ಜೇಬಿನ ಹೊಲಿಗೆಯನ್ನು ಎರಡು ಸಲ ಕಣ್ಣಲ್ಲೇ ತಡವಿ, "ಬಟ್ಟೆಯಲ್ಲಿ ಡ್ಯಾಮೇಜ್ ಏನೂ ಕಾಣೆನಲ್ಲ ತಂಬಿ?" ಎಂದು ತಮಿಳಿನಲ್ಲಿ ಕೇಳಿದರು.

"ಬಟ್ಟೆಯಲ್ಲಲ್ಲ ಅಕ್ಕಾ, ಒಳಗೆ. ಆಲ್ಟರ್‌ಗೆ ಕೊಟ್ಟಿದೆ" ಎಂದೆ.