ಕಂಬಳಿಗೊಂದು ಕೃತಜ್ಞತಾ ಭಾಷಣ

ಇಬ್ಬರು ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಕೊಮೊದೊರೊದಿಂದ ಬಾಹಿಯಾ ಬ್ಲಾಂಕಾವರೆಗೆ ಕಾರು ಓಡಿಸಿದವನಿಗೆ ಸತ್ತ ಮೇಲೆ ಬೇರೆ ನರಕದ ಅಗತ್ಯವಿಲ್ಲ ಎಂಬುದು ನೊರ್ಬೆರ್ತೊನ ದೃಢ ನಂಬಿಕೆ. ಆದರೂ ಪ್ರತಿ ಕ್ರಿಸ್‌ಮಸ್‌ಗೂ ಅತ್ತೆಯ ಮನೆಗೆ ಈ ತೀರ್ಥಯಾತ್ರೆ ತಪ್ಪುವಂತಿರಲಿಲ್ಲ. ಪಾತಗೋನಿಯಾದ ಆ ರಸ್ತೆಗೆ ತಿರುವೆಂಬುದೇ ಗೊತ್ತಿಲ್ಲ. ಎಡಕ್ಕೆ ಮುಳ್ಳುಪೊದೆ, ಬಲಕ್ಕೆ ಮುಳ್ಳುಪೊದೆ, ನಡುವೆ ಕಾರನ್ನೇ ಎತ್ತಿ ಒಗೆಯುವಂಥ ಗಾಳಿ. ಊರು ದಾಟುವ ಮೊದಲೇ ಅಜ್ಜಿ ಮನೆ ಬಂತಾ ಎಂಬ ವಿಚಾರಣೆ ಶುರುವಾಗುತ್ತಿತ್ತು. ಆಮೇಲೆ ಬಾಯಾರಿಕೆ, ಸ್ವಲ್ಪ ಹೊತ್ತಿಗೆ ಆ ಬಾಯಾರಿಕೆಯ ದುಷ್ಪರಿಣಾಮ. ಏಳು ವರ್ಷದ ದಾರಿಯೊನ ಮೊಣಕೈ ಐದು ವರ್ಷದ ಮಿರ್ತಾಳ ಸರಹದ್ದನ್ನು ದಾಟಿತೆಂದರೆ ಮಹಾಯುದ್ಧ. ಎರಡು ಸೈನ್ಯಗಳ ನಡುವೆ ಗಡಿಗಲ್ಲಿನಂತೆ ಕೂತಿರುತ್ತಿದ್ದವಳು ಅವನ ಹೆಂಡತಿ ನೆಲಿದಾ.

ಆ ವರ್ಷ ನೊರ್ಬೆರ್ತೊಗೆ ಸ್ಟಿಯರಿಂಗ್ ಹಿಡಿದಲ್ಲೇ ಜ್ಞಾನೋದಯವಾಯಿತು. ಮೌನದ ಪಂದ್ಯ ಘೋಷಿಸಿದ. ಮೊದಲು ಬಾಯಿ ಬಿಟ್ಟವರು ಸೋತಂತೆ. ಗೆದ್ದವರಿಗೆ ಅಜ್ಜಿ ಮನೆಯ ಒಂದರ ಮೇಲೊಂದಿರುವ ಮಂಚಗಳಲ್ಲಿ ಮೇಲಿನದು. ಮಕ್ಕಳಿಬ್ಬರೂ ತುಟಿ ಹೊಲಿದುಕೊಂಡರು.

"ಇದೆಲ್ಲ ನಡೆಯೋದಲ್ಲ ಡುಮ್ಮ," ಎಂದಳು ನೆಲಿದಾ. (ಹಾಗೆ ಕರೆಯುವುದು ಅಲ್ಲಿ ಪ್ರೀತಿಯ ಗುರುತು. ನೊರ್ಬೆರ್ತೊನ ವಿಷಯದಲ್ಲಿ ವಸ್ತುಸ್ಥಿತಿಯೂ ಹೌದು.)

ಆದರೆ ನಡೆಯಿತು. ಆ ಅಪರೂಪದ ನಿಶ್ಶಬ್ದದಲ್ಲಿ ನೆಲಿದಾ ಕಂಬಳಿ ಹೊದ್ದು ನಿದ್ದೆಹೋದಳು. ಪೆಟ್ರೋಲ್ ಬಂಕು ಬಂದಾಗಲೂ ಏಳಲಿಲ್ಲ. ನೊರ್ಬೆರ್ತೊ ಪೆಟ್ರೋಲ್ ಹಾಕಿಸಿ, ಶೌಚಾಲಯಕ್ಕೆ ಹೋಗಿ, ಮುಖ ತೊಳೆದು ಬಂದ. ಹಿಂದಿನ ಸೀಟಿನಲ್ಲಿ ಕಂಬಳಿಯ ಗುಡ್ಡೆ ಹಾಗೆಯೇ ಇತ್ತು. ಪಾಪ, ಮಲಗಲಿ ಎಂದು ಬಾಗಿಲನ್ನು ಸದ್ದಾಗದಂತೆ ಮುಚ್ಚಿ ಹೊರಟ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ದಾರಿಯೊ ಕಣ್ಣು ಅಗಲಿಸಿಕೊಂಡು ಹಿಂದಕ್ಕೆ ಕೈ ತೋರಿಸತೊಡಗಿದ.

"ನೋಡಿದೆ ಕಣೋ, ಗ್ವಾನಾಕೊ ಹಿಂಡು," ಎಂದ ನೊರ್ಬೆರ್ತೊ. ಗ್ವಾನಾಕೊ ಎಂದರೆ ಆ ಬಯಲಲ್ಲಿ ಅಲೆಯುವ, ಒಂಟೆಯ ಬಡ ನೆಂಟ. ಮಿರ್ತಾ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡು ಸೀಟಿಗೆ ದಬದಬ ಒದ್ದಳು. ಒದ್ದರೂ ಚಿಂತೆಯಿಲ್ಲ, ಸದ್ದಿಲ್ಲವಲ್ಲ! ಇಂಥ ಶಿಸ್ತಿನ ಮಕ್ಕಳನ್ನು ಕೊಟ್ಟ ದೇವರನ್ನು ನೆನೆದು ಅವನ ಕಣ್ಣು ತೇವವಾಯಿತು. ದೇವರಿಂದ ಮನಸ್ಸು ಹೆಂಡತಿಯ ಕಡೆ ಹರಿಯಿತು.

"ನೆಲಿದಾ, ನೀನು ನಿದ್ದೇಲಿದ್ದೀಯ, ಅದಕ್ಕೇ ಹೇಳ್ತಿದೀನಿ. ಎದ್ದಿದ್ರೆ ನನಗೆ ಬಾಯಿ ಬರಲ್ಲ. ಇಡೀ ದಾರಿ ಇವರ ಒದೆ ತಿನ್ನೋಳು ನೀನು, ಸುಸ್ತಾಯ್ತು ಅನ್ನೋನು ನಾನು. ಒಂದಿನಾನೂ ನಿನಗೆ ಒಳ್ಳೆ ಮಾತು ಹೇಳಿಲ್ಲ. ನೀನು ಜೊತೆಗಿರೋದೇ ನನ್ನ ಪುಣ್ಯ."

ಕಂಬಳಿ ಏನೂ ಅನ್ನಲಿಲ್ಲ. ಅಷ್ಟು ಮಾತಾಡಿದ್ದಕ್ಕೋ ಏನೋ ಅವನಿಗೆ ಬಾಯಾರಿತು.

"ಸಾಕು ಏಳೇ, ಒಂದು ಮಾತೆ ಕೊಡು," ಎಂದು ಕೈ ಹಿಂದೆ ಚಾಚಿದ. (ಮಾತೆ ಎಂದರೆ ಅವರು ಹಗಲೆಲ್ಲ ಕೊಳವೆಯಲ್ಲಿ ಹೀರುವ ಬಿಸಿ ಕಷಾಯ. ಆ ಗಳಿಗೆಯಲ್ಲಿ ಕಾರಿನಲ್ಲಿ ಯಾವ ಅರ್ಥದ ಮಾತೆಯೂ ಇರಲಿಲ್ಲ.) ಚಾಚಿದ ಕೈ ಚಾಚಿದಂತೆಯೇ ಉಳಿಯಿತು. ಕಾರು ನಿಲ್ಲಿಸಿ ಕಂಬಳಿ ಎಳೆದ. ಒಳಗೆ ದಿಂಬು, ಮಕ್ಕಳ ಕೋಟು.

"ಅಮ್ಮ ಎಲ್ಲಿ?"

ಇಬ್ಬರೂ ತುಟಿ ಬಿಚ್ಚಲಿಲ್ಲ. ಪಂದ್ಯ ಮುಗಿಯಿತು ಎಂದು ಅವನು ಗೋಗರೆದ ಮೇಲೆ ದಾರಿಯೊ ಬಾಯಿ ತೆರೆದ.

"ಮೊದಲು ಯಾರು ಗೆದ್ದಿದ್ದು ಹೇಳಪ್ಪ."

ಇಬ್ಬರೂ ಗೆದ್ದಿರೆಂದು ತೀರ್ಪಾಯಿತು. ಆಮೇಲೆಯೇ ಹೇಳಿದ್ದು: ಅಮ್ಮ ಎದ್ದು, ಫ್ಲಾಸ್ಕಿಗೆ ಬಿಸಿನೀರು ತರಲು ಬಂಕಿನೊಳಗೆ ಹೋದಳು, ಅಪ್ಪ ಬಂದು ಕಾರು ಬಿಟ್ಟುಬಿಟ್ಟ.

ಜೇಬಿನಲ್ಲಿ ಫೋನಿರುವ ಕಾಲವಲ್ಲ ಅದು. ನೊರ್ಬೆರ್ತೊ ಕಾರು ತಿರುಗಿಸಿದ. ಆ ಗಾಳಿಯಲ್ಲಿ, ಆ ಬಯಲಲ್ಲಿ, ಯಾವ ಲಾರಿಯವನ ಕೈಕಾಲು ಹಿಡಿಯುತ್ತಿದ್ದಾಳೋ ಎಂದುಕೊಳ್ಳುತ್ತ ವೇಗ ಹೆಚ್ಚಿಸಿದ. ಅಳುತ್ತಿದ್ದರೆ ಹೇಳಬೇಕಾದದ್ದು ಒಂದು, ಹೊಡೆಯಲು ಬಂದರೆ ಇನ್ನೊಂದು, ಎರಡನ್ನೂ ಬಾಯಿಪಾಠ ಮಾಡಿದ. ಯಾವುದೂ ಉಪಯೋಗಕ್ಕೆ ಬರಲಿಲ್ಲ.

ಬಂಕಿನ ಪಕ್ಕದ ಹೋಟೆಲಿನಲ್ಲಿ, ಕಿಟಕಿಯ ಬಳಿ ನೆಲಿದಾ ಕೂತಿದ್ದಳು. ತಲೆ ಬಾಚಿಕೊಂಡಿದ್ದಳು. ಮುಂದೆ ಒಂದು ಖಾಲಿ ತಟ್ಟೆ. ಕಾರಿನ ಹಿಂದೆ ಓಡಿದ್ದು, ಕೂಗಿದ್ದು, ಅತ್ತದ್ದು ಎಲ್ಲ ಮೊದಲೇ ಮುಗಿಸಿದ್ದಳಂತೆ. ಹೋಟೆಲಿನಾಕೆ ಸಮಾಧಾನ ಹೇಳಿ, ಕರಿದ ಮಾಂಸದ ತುಂಡನ್ನು ಬಿಸಿಬಿಸಿಯಾಗಿ ತಂದಿಟ್ಟಿದ್ದಳಂತೆ. ಮಕ್ಕಳು ಅಮ್ಮನ ಕೊರಳಿಗೆ ಜೋತುಬಿದ್ದರು. ಅವಳು ಇಬ್ಬರ ಕೆನ್ನೆಗೂ ಮುತ್ತಿಟ್ಟಳು. ನೊರ್ಬೆರ್ತೊ ತಲೆ ತಗ್ಗಿಸಿ ನಿಂತ.

"ತುಂಬಾ ಉಪಕಾರ ಆಯ್ತು ಕಣೋ ಡುಮ್ಮ," ಎಂದಳು.

ಕೊಂಕಿರಬೇಕೆಂದು ಅವನು ಕಾದ. ಕೊಂಕಿರಲಿಲ್ಲ.

"ಎರಡೂ ಕೈ ನನ್ನದೇ. ಯಾರಿಗೂ ಕತ್ತರಿಸಿ ಕೊಡಲಿಲ್ಲ, ಯಾರ ಮೂಗೂ ಒರೆಸಲಿಲ್ಲ. ಊಟ ಬಿಸಿ ಇರೋವಾಗ ಈ ರುಚಿ ಇರುತ್ತೆ ಅನ್ನೋದೇ ಮರೆತುಹೋಗಿತ್ತು. ಸಿಹಿ ಇನ್ನೂ ಬರಬೇಕು. ಇವರನ್ನ ಒಂದು ಸುತ್ತು ಹೊರಗೆ ಕರ್ಕೊಂಡು ಹೋಗು."

ಹೀಗಾಗಿ ಕ್ರಿಸ್‌ಮಸ್ ಹಿಂದಿನ ದಿನ ಮಧ್ಯಾಹ್ನ ನೊರ್ಬೆರ್ತೊ ಗಾಳಿಗೆ ಟೋಪಿ ಒಪ್ಪಿಸಿ ಬಂಕಿನ ಅಂಗಳದಲ್ಲಿ ನಿಂತಿದ್ದ. ಎಡಗೈ ದಾರಿಯೊ ಎಳೆಯುತ್ತಿದ್ದ, ಬಲಗೈ ಮಿರ್ತಾ. ಅಷ್ಟು ಹೊತ್ತು ಕಟ್ಟಿಟ್ಟ ಮಾತೆಲ್ಲ ಅಣೆಕಟ್ಟು ಒಡೆದಂತೆ ಅವನ ಮೇಲೆ ಸುರಿಯುತ್ತಿತ್ತು. ಹೆಂಡತಿ ಸಿಕ್ಕಳು, ಅಷ್ಟು ಸಾಕು ಎಂದು ಅವನು ಎಲ್ಲ ಪ್ರಶ್ನೆಗೂ ಹೂಂಗುಟ್ಟಿದ. ಕಿಟಕಿಯೊಳಗಿಂದ ನೆಲಿದಾ ಚಮಚ ಎತ್ತಿ ಅವನ ಕಡೆ ನೋಡಿ ನಕ್ಕಳು. ಮದುವೆಯಾದಂದಿನಿಂದ ಅಷ್ಟು ಮನಸಾರೆ ಅವನನ್ನು ನೋಡಿ ನಕ್ಕದ್ದು ಅದೇ ಮೊದಲು. ನಡುವೆ ಗಾಜಿದ್ದದ್ದೂ ಅದೇ ಮೊದಲು.